ಗುರುವಾರದ ಒಂದು ಸಾಲು

ರಕ್ತದೊತ್ತಡ ಏರಿದೆ, ಉಪ್ಪು ಕಡಿಮೆ ಮಾಡಿ ಎಂದು ಡಾಕ್ಟರು ಹೇಳಿದ ಮರುದಿನವೇ ಸೊಸೆ ನನಗೆಂದು ಬೇರೆ ಪಾತ್ರೆಯಲ್ಲಿ ಬೇಳೆ ಬೇಯಿಸಿದಳು. ಬೆಳ್ಳುಳ್ಳಿ ಒಗ್ಗರಣೆ, ಕೊತ್ತಂಬರಿ, ಎಲ್ಲ ಹಾಕಿದ್ದಳು ಪಾಪ. ಜೋಳದ ರೊಟ್ಟಿ ಮುರಿದು ಅದ್ದಿ ಬಾಯಿಗಿಟ್ಟೆ. ನುಂಗಲಾಗಲಿಲ್ಲ. "ಸಪ್ಪನ ಬ್ಯಾಳಿ ಅಂದ್ರ ಹಂಗೇ ಇರ್ತದ್ರಿ ಅತ್ತಿ. ನಾಕ್ ದಿನದಾಗ ರೂಢಿ ಆಗ್ತದ," ಎಂದಳು. ಮುದುಕಿಗೆ ನಾಲಗೆಯ ಚಪಲ ಹೋಗಿಲ್ಲ ಎಂದುಕೊಂಡಿರಬೇಕು. ಅಂದುಕೊಳ್ಳಲಿ ಬಿಡಿ. ಈ ರುಚಿಯನ್ನು ನಾನು ಹಿಂದೊಮ್ಮೆ ಕಂಡಿದ್ದೆ, ಬಸವಕಲ್ಯಾಣದಲ್ಲಿ, ಕಾಶೀಬಾಯಿಯ ಅಡುಗೆಮನೆಯಲ್ಲಿ ಕೂತು. ಅದನ್ನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ಬಸವಕಲ್ಯಾಣದಲ್ಲಿ ವಯಸ್ಸಾದ ಡಾಕ್ಟರೊಬ್ಬರು ನಡೆಸುತ್ತಿದ್ದ ಸಣ್ಣ ದವಾಖಾನೆಯಲ್ಲಿ ನಾನು ನರ್ಸು. ನನಗಾಗ ಇಪ್ಪತ್ತಾರು. ಕೆಲಸ ಬಲ್ಲೆನೆಂಬ ಸೊಕ್ಕು ಬೇಕಾದಷ್ಟಿತ್ತು. ಊರವರು ಮರ್ಯಾದೆಯಿಂದ "ಬಾಯಾರ" ಎಂದು ಕೂಗಿದರೆ ಕತ್ತು ಇನ್ನೊಂದಿಷ್ಟು ನೆಟ್ಟಗಾಗುತ್ತಿತ್ತು. ಮಂದಿಗೆ ಹೇಗೆ ಹೇಳಿದರೆ ಔಷಧಿ ನುಂಗುತ್ತಾರೆ ಎಂಬುದು ಡಾಕ್ಟರಿಗಿಂತ ನನಗೇ ಚೆನ್ನಾಗಿ ಗೊತ್ತು ಎಂದು ನಂಬಿದ್ದೆ, ಡಾಕ್ಟರೂ ಹಾಗೆಯೇ ನಂಬಿದ್ದರು.

ಆ ವರ್ಷದ ಚಳಿಗಾಲ ಮುಗಿಯುವ ಹೊತ್ತಿಗೆ ಮಹಾದೇವಿ ನನ್ನ ಪಾಲಿಗೆ ಬಂದಳು. ಹದಿಮೂರು ವರ್ಷದ ಹುಡುಗಿ. ತಂದೆ ಶರಣಪ್ಪ ಹುಮನಾಬಾದಿನ ಗಂಜಿನಲ್ಲಿ, ಎಂದರೆ ಧಾನ್ಯದ ಪೇಟೆಯಲ್ಲಿ, ಕಾಳು ತೂಗುವ ಕೆಲಸದವನು, ದಿನವೂ ಮೊದಲ ಬಸ್ಸಿಗೆ ಹೋಗಿ ಸಂಜೆ ಮೈತುಂಬ ತೊಗರಿಯ ಧೂಳು ಹೊತ್ತು ಬರುತ್ತಿದ್ದ. ತಾಯಿ ಕಾಶೀಬಾಯಿ. ಇಬ್ಬರಿಗೂ ಇದೊಂದೇ ಮಗು. ಸಂಕ್ರಾಂತಿಯ ಸುಮಾರಿಗೆ ಹುಡುಗಿ ನಿದ್ದೆ ಬಿಟ್ಟಳು. ಐದು ದಿನ ಕಣ್ಣು ಮುಚ್ಚಲಿಲ್ಲ, ಬಾಯಿ ಮುಚ್ಚಲಿಲ್ಲ. ಅವ್ವನ ಸೀರೆಗಳನ್ನೆಲ್ಲ ದಾರಿಯಲ್ಲಿ ಹೋಗುವವರಿಗೆ ಹಂಚಿದಳು. ಕೋಟೆಯ ಬಾಗಿಲಲ್ಲಿ ನಿಂತು, "ಇದು ನಮ್ಮಪ್ಪ ಖರೀದಿ ಮಾಡ್ಯಾನ, ಎಲ್ಲಾರೂ ಒಳಗ ಬರ್ರಿ!" ಎಂದು ಕೈಬೀಸಿ ಕರೆದಳು. ನಕ್ಕವರು ನಕ್ಕರು. ತಾಯತ ಕಟ್ಟಿದವರು ಕಟ್ಟಿದರು. ಯಾವುದಕ್ಕೂ ಬಗ್ಗದಿದ್ದಾಗ ಹೈದರಾಬಾದಿನ ದೊಡ್ಡ ದವಾಖಾನೆಗೆ ಒಯ್ದರು. ಅಲ್ಲಿ ಒಂದು ತಿಂಗಳಿದ್ದು, ಲಿಥಿಯಂ ಎಂಬ ಗುಳಿಗೆ ಹಿಡಿದು, ಮಾತು ತಣ್ಣಗಾಗಿ ತಿರುಗಿ ಬಂದಳು.

ಜೊತೆಗೆ ಅಲ್ಲಿನ ಡಾಕ್ಟರು ಇಂಗ್ಲಿಷಿನಲ್ಲಿ ಬರೆದ ಒಂದು ಕಾಗದ. ಇಷ್ಟು ಚಿಕ್ಕವರಿಗೆ ಈ ಗುಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ, ಬೇರೆ ಯಾವುದೂ ಹಿಡಿಯದ ಕಾರಣ ಕೊಟ್ಟಿದ್ದೇನೆ, ಕಡಿಮೆಯಾದರೆ ಉಪಯೋಗವಿಲ್ಲ, ಹೆಚ್ಚಾದರೆ ವಿಷ, ಆದ್ದರಿಂದ ವಾರವಾರ ಯಾರಾದರೂ ಕಣ್ಣಿಟ್ಟು ನೋಡಬೇಕು ಎಂದಿತ್ತು. ನಮ್ಮ ಡಾಕ್ಟರು ಓದಿ ನನ್ನ ಕೈಗಿಟ್ಟರು. "ಇದು ನಿನ್ನ ಕೆಲಸ ಸರೋಜಾ. ನನಗ ಇಷ್ಟೆಲ್ಲ ಬೆನ್ನು ಹತ್ತಲಿಕ್ಕೆ ಆಗೂದಿಲ್ಲ."

ನಾನು ಕಾಶೀಬಾಯಿಯನ್ನು ಎದುರಿಗೆ ಕೂರಿಸಿಕೊಂಡು ಒಂದೊಂದಾಗಿ ಹೇಳಿದೆ. ಗುಳಿಗೆ ಹೊತ್ತಿಗೆ ಸರಿಯಾಗಿ, ಮೂರು ಹೊತ್ತೂ. ನೀರು ಕೇಳಿದಷ್ಟು. ನಿದ್ದೆ ಕಡಿಮೆಯಾದರೆ ಹೇಳಬೇಕು, ಕೈ ನಡುಗಿದರೆ ಹೇಳಬೇಕು. ಆಕೆ ಬೆರಳು ಮಡಿಚಿ ಮಡಿಚಿ ಎಣಿಸಿಕೊಂಡು ಬಾಯಿಪಾಠ ಮಾಡಿದಳು. ಕಾಗದದ ಕೊನೆಯಲ್ಲಿ ಇನ್ನೊಂದು ಸಾಲಿತ್ತು, ಊಟದಲ್ಲಿ ಉಪ್ಪು ಕಡಿಮೆ ಮಾಡಬಾರದು ಎಂದು. ಯಾಕೆಂದು ಬರೆದಿರಲಿಲ್ಲ. ಮಾಡಿನಲ್ಲಿ ಮಾವಿನ ಉಪ್ಪಿನಕಾಯಿಯ ಜಾಡಿ, ಡಬ್ಬಿ ತುಂಬ ಉಪ್ಪು ಖಾರ ಕುಟ್ಟಿದ ಶೇಂಗಾ ಹಿಂಡಿ ಇರುವ ಮನೆ ಅದು. ಇಲ್ಲಿ ಉಪ್ಪಿಗೇನು ಬರ ಬಂತು, ಇಷ್ಟರ ನಡುವೆ ಅದನ್ನೊಂದು ಹೇಳಿ ಈಕೆಯ ತಲೆ ಯಾಕೆ ಕೆಡಿಸಲಿ ಎಂದು ಬಿಟ್ಟೆ. ಆ ಕಾಗದವನ್ನು ನೂರು ಹಾಳೆಯ ಒಂದು ನೋಟ್‌ಬುಕ್ಕಿನ ರಟ್ಟಿನ ಒಳಗೆ ಅಂಟಿಸಿದೆ.

ಪ್ರತಿ ಗುರುವಾರ ಅವರ ಮನೆಗೆ ಹೋಗುತ್ತಿದ್ದೆ. ತೂಕ ನೋಡುವುದು, ಡಬ್ಬಿಯಲ್ಲಿ ಉಳಿದ ಗುಳಿಗೆ ಎಣಿಸುವುದು, ಆಮೇಲೆ ಕೈ ಪರೀಕ್ಷೆ. ಎರಡೂ ಕೈ ಮುಂದೆ ಚಾಚಿಸಿ ಬೆರಳ ಮೇಲೆ ಒಂದು ಹಾಳೆ ಇಡುತ್ತಿದ್ದೆ. ಕೈ ನಡುಗಿದರೆ ಹಾಳೆ ಸರಸರ ಎನ್ನುತ್ತದೆ. ಕೊನೆಗೆ ನೋಟ್‌ಬುಕ್ಕಿನಲ್ಲಿ ಅವಳ ಕೈಯಿಂದ ಒಂದು ಸಾಲು ಬರೆಸುತ್ತಿದ್ದೆ. ಇದು ನನ್ನದೇ ಉಪಾಯ. ಅಕ್ಷರ ಅಂಕುಡೊಂಕಾದರೆ ಗುಳಿಗೆ ಹೆಚ್ಚಾಯಿತೆಂದು ಗೊತ್ತಾಗಲಿ ಎಂದು.

"ಏನ್ ಬರೀಲ್ರಿ ಬಾಯಾರ?" ಎಂದು ಮೊದಲ ದಿನ ಕೇಳಿದಳು.

"ನಿನ್ನ ಮನಸ್ಸಿಗಿ ಬಂದದ್ದು ಬರಿ. ನನಗ ಬರೇ ಅಕ್ಷರ ನೋಡೋದದ."

"ಹಂಗಾರ ನಿಮ್ಮನ್ನ ಬೈದ್ರೂ ನಡೀತದಲ್ರಿ?" ಎಂದು ನಕ್ಕಳು. ನಗುವಾಗ ಒಂದು ಕೆನ್ನೆಯಲ್ಲಿ ಮಾತ್ರ ಗುಳಿ ಬೀಳುತ್ತಿತ್ತು. ಕಾಶೀಬಾಯಿ ಒಳಗಿನಿಂದ, "ಬಾಯಿ ಬಿಗಿ ಹಿಡಿ ಪೋರಿ!" ಎಂದು ಗದರಿಸಿದಳು, ಆದರೆ ಮಗಳು ನಕ್ಕಳೆಂದು ಆಕೆಯ ಕಣ್ಣಲ್ಲಿ ನೀರು ಬಂದಿತ್ತು.

ತಿಂಗಳಿಗೊಮ್ಮೆ ರಕ್ತ ತೆಗೆದು ಹೈದರಾಬಾದಿಗೆ ಕಳಿಸಬೇಕಿತ್ತು. ಸೀಸೆಯನ್ನು ಥರ್ಮಾಸಿನಲ್ಲಿ ಬರ್ಫದ ಚೂರುಗಳ ನಡುವೆ ಹೂತು ಶರಣಪ್ಪನ ಕೈಗೆ ಕೊಡುತ್ತಿದ್ದೆ. ಅವನು ಹುಮನಾಬಾದಿನಲ್ಲಿ ಇಳಿದು ಹೈದರಾಬಾದ್ ಬಸ್ಸಿನ ಕಂಡಕ್ಟರನಿಗೆ ಒಪ್ಪಿಸುತ್ತಿದ್ದ, ಹೈದರಾಬಾದಿನಲ್ಲಿ ಶರಣಪ್ಪನ ತಮ್ಮ ಇಳಿಸಿಕೊಂಡು ದವಾಖಾನೆಗೆ ಮುಟ್ಟಿಸುತ್ತಿದ್ದ. "ಇದ್ರಾಗ ಕುಲ್ಫಿ ಅದೇನ್ರಿ ಶರಣಪ್ಪಾ?" ಎಂದು ಕಂಡಕ್ಟರ್ ಒಮ್ಮೆ ಕೇಳಿದ್ದನಂತೆ. ಎಂಟು ಹತ್ತು ದಿನಕ್ಕೆ ನಮ್ಮ ದವಾಖಾನೆಗೆ ಒಂದು ಪೋಸ್ಟ್‌ಕಾರ್ಡ್ ಬರುತ್ತಿತ್ತು, ಎಲ್ಲ ಸರಿಯಿದೆ ಎಂದು.

ಬೇಸಿಗೆ ದಾಟಿತು. ಹುಡುಗಿ ಹೊಟ್ಟೆ ತುಂಬ ಉಂಡಳು, ಕಣ್ಣು ತುಂಬ ಮಲಗಿದಳು. ಜೂನಿನಲ್ಲಿ ಏಳನೇ ಇಯತ್ತೆಗೆ ಹೋಗತೊಡಗಿದಳು. ಶರಣಪ್ಪನ ಮನಸ್ಸು ಮಾತ್ರ ತೂಗುಯ್ಯಾಲೆಯಲ್ಲಿತ್ತು. "ನೆಂಟರೆಲ್ಲ ಲಗ್ನ ಮಾಡಿ ಕಳಸು ಅನ್ನಾಕತ್ಯಾರ್ರಿ ಬಾಯಾರ. ಈ ವರ್ಷ ಮತ್ತ ಬಿಗಡಾಯಿಸಲಿಲ್ಲಂದ್ರ, ಪರೀಕ್ಷಾಕ್ಕ ಕುಂತು ಪಾಸ್ ಆದಳಂದ್ರ, ಖರೆ ಹೇಳ್ತೀನಿ, ಎಲ್ಲಿ ಮಟಾ ಓದ್ತಾಳ ಓದಸ್ತೀನಿ. ಇಲ್ಲಂದ್ರ ನನ್ನ ಕೈಲೆ ಆಗಂಗಿಲ್ಲ." ಮಹಾದೇವಿ ಬಾಗಿಲ ಮರೆಯಲ್ಲಿ ನಿಂತು ಇದನ್ನು ಕೇಳಿಸಿಕೊಂಡಿದ್ದಳು. ಮುಂದಿನ ಗುರುವಾರ ಅವಳ ಸಾಲು ಹೀಗಿತ್ತು: "ನಾನು ಪಾಸಾಗಿ ನರ್ಸಬಾಯಿ ಆಗುತ್ತೇನೆ." ನನಗಾದ ಸಂತೋಷವನ್ನು ಏನೆಂದು ಹೇಳಲಿ! ಆ ಹುಡುಗಿಯನ್ನು ದಡ ಮುಟ್ಟಿಸಿಯೇ ತೀರುತ್ತೇನೆ ಎಂದುಕೊಂಡೆ.

ಆಷಾಢದ ಕೊನೆಯಲ್ಲಿ ಕಾಶೀಬಾಯಿ ಬಾಗಿಲ ತನಕ ಬಂದು ನನ್ನನ್ನು ನಿಲ್ಲಿಸಿದಳು. "ಬಾಯಾರ, ಒಂದ್ ಮಾತು ಕೇಳ್ಲೇನ್ರಿ? ಪೋರಿ ನೆಟ್ಟಗಾದ್ರ ಶ್ರಾವಣ ಪೂರ್ತಿ ವ್ರತಾ ಹಿಡಸ್ತೀನಿ ಅಂತ ಮನಿದೇವ್ರಿಗಿ ಬೇಡ್ಕೊಂಡಿದ್ದೆ. ಹಿಡಸ್ಲೋ, ಬ್ಯಾಡೋ?"

ಹರಕೆ ಎಂದರೆ ಸಿಡುಕುವ ಡಾಕ್ಟರುಗಳನ್ನು ನಾನು ಬೇಕಾದಷ್ಟು ನೋಡಿದ್ದೆ. ಸಿಡುಕಿದರೆ ಮಂದಿ ಹರಕೆ ಬಿಡುವುದಿಲ್ಲ, ಗುಳಿಗೆ ಬಿಡುತ್ತಾರೆ. ಅದಕ್ಕೇ ನಾನು ಯಾವ ದೇವರಿಗೂ ಅಡ್ಡ ನಿಲ್ಲುತ್ತಿರಲಿಲ್ಲ. ಅದು ನನ್ನ ಜಾಣತನ.

"ಹಿಡಸ್ರಿ ಕಾಶೀಬಾಯಿ. ದೇವ್ರ ಕೆಲಸ ನೀವು ಮಾಡ್ರಿ, ದವಾಖಾನಿ ಕೆಲಸ ನಾ ಮಾಡ್ತೀನಿ. ಆದ್ರ ಗುಳಗಿ ಒಂದೂ ತಪ್ಪಂಗಿಲ್ಲ ನೋಡ್ರಿ. ತಿಳೀತಿಲ್ಲೋ?"

"ಜೀವ ಹೋದ್ರೂ ತಪ್ಪಸಂಗಿಲ್ರಿ," ಎಂದಳು. ಯಾವ ವ್ರತ ಎಂದು ನಾನು ಕೇಳಲಿಲ್ಲ. ಸೋಮವಾರ ಒಪ್ಪತ್ತು ಇರಬಹುದು ಎಂದುಕೊಂಡು ಚಪ್ಪಲಿ ಮೆಟ್ಟಿ ಹೊರಟೆ.

ಆ ವರ್ಷದ ಶ್ರಾವಣ ಬಿಡದೆ ಸುರಿಯಿತು. ಕೆಂಪು ಜಂಬಿಟ್ಟಿಗೆಯ ಗೋಡೆಗಳೆಲ್ಲ ನೀರು ಕುಡಿದು ಕಪ್ಪಗಾದವು. ಕೊಡೆ ಹಿಡಿದು, ಸೀರೆ ಮೊಳಕಾಲಿಗೆತ್ತಿ ಕೆಸರಲ್ಲಿ ಬಯ್ದುಕೊಳ್ಳುತ್ತ ಮೊದಲ ಗುರುವಾರ ಹೋದೆ. ತೂಕ ಸರಿ, ಗುಳಿಗೆಯ ಎಣಿಕೆ ಸರಿ, ಹಾಳೆ ಅಲುಗಲಿಲ್ಲ. ಮಹಾದೇವಿ ನೋಟ್‌ಬುಕ್ಕು ತೆಗೆದುಕೊಂಡು ಅವ್ವ ಕಾಣದ ಹಾಗೆ ತಿರುಗಿ ಕೂತು ಬರೆದಳು. ಒಂದಲ್ಲ, ಮೂರು ಸಾಲು: "ಅವ್ವ ನನ್ನ ಊಟಕ್ಕೆ ಉಪ್ಪು ಹಾಕುವುದಿಲ್ಲ. ನನಗೆ ಸಪ್ಪನ ಬೇಳೆ ಸೇರುವುದಿಲ್ಲ. ಬಾಯಾರೇ, ನೀವಾದರೂ ಅವ್ವನಿಗೆ ಹೇಳಿರಿ."

ಓದಿ ನಕ್ಕುಬಿಟ್ಟೆ. "ಎಲಾ ಇವ್ಳ! ಅವ್ವನ ಮ್ಯಾಲ ಚಾಡಿ ಬರೀತಿ? ಒಂದ್ ತಿಂಗಳಲ್ಲೇನು, ತಡ್ಕೋ."

"ಉಪ್ಪಿಲ್ದ ಒಳಗ ಇಳ್ಯಂಗಿಲ್ರಿ ಬಾಯಾರ," ಎಂದು ಮೆಲ್ಲಗೆ ಹೇಳಿದಳು. ಕಾಶೀಬಾಯಿ ಒಲೆಯ ಮುಂದಿನಿಂದಲೇ, "ನಾನೂ ಬಿಟ್ಟೀನಲ್ಲ, ನಾ ಏನ್ ಸತ್ತೀನೇನು?" ಎಂದಳು. ನಾನು ಪೆನ್ನು ತೆಗೆದು ಅವಳ ಮೂರು ಸಾಲಿನ ಕೆಳಗೆ ಬರೆದೆ: ಅಕ್ಷರ ಸ್ಪಷ್ಟ, ನಡುಕ ಇಲ್ಲ. ಡಾಕ್ಟರ ಕಾಗದ ಅದೇ ನೋಟ್‌ಬುಕ್ಕಿನ ರಟ್ಟಿಗೆ ಅಂಟಿಕೊಂಡಿತ್ತು. ಹಿಂದಕ್ಕೆ ತಿರುಗಿಸಿ ನೋಡಿದ್ದರೆ ಸಾಕಿತ್ತು. ಆ ಸಾಲು ನನಗೆ ಮರೆತೇ ಹೋಗಿತ್ತು.

ಎರಡನೇ ಗುರುವಾರ ಹಾಳೆ ಸರಸರ ಎಂದಿತು. ಹುಡುಗಿಗೆ ಎರಡು ದಿನದಿಂದ ಭೇದಿ. ಮಳೆಗಾಲದ ಹೊಸ ನೀರಿಗೆ ಊರಿಗೆ ಊರೇ ಹೊಟ್ಟೆ ಹಿಡಿದುಕೊಂಡು ಓಡಾಡುತ್ತಿತ್ತು, ನಮ್ಮ ದವಾಖಾನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಿಶ್ಶಕ್ತಿಯಿಂದ ಕೈ ನಡುಗುತ್ತಿದೆ ಎಂದುಕೊಂಡೆ. ರಕ್ತ ತೆಗೆದು ಎಂದಿನಂತೆ ಶರಣಪ್ಪನ ಕೈಗೆ ಕೊಟ್ಟೆ. "ಸಕ್ಕರಿ ಉಪ್ಪಿನ ನೀರು ಕುಡಸ್ರಿ," ಎಂದು ಹೇಳಿ ಹೋದೆ. ಕಾಶೀಬಾಯಿ ಸಕ್ಕರೆಯ ನೀರು ಕುಡಿಸಿದಳು. ಉಪ್ಪು ಹಾಕಲಿಲ್ಲ, ವ್ರತವಲ್ಲವೇ. ಗುಳಿಗೆಯನ್ನು ಮಾತ್ರ ಮೂರು ಹೊತ್ತೂ ಕೊಟ್ಟಳು.

ಮುಂದಿನ ಮಂಗಳವಾರ ಬೆಳಿಗ್ಗೆ ಆಕೆ ನೆನೆದು ತೊಪ್ಪೆಯಾಗಿ ದವಾಖಾನೆಗೆ ಓಡಿ ಬಂದಳು. "ಬಾಯಾರ, ಜಲ್ದಿ ಬರ್ರಿ. ಪೋರಿ ಕುಡಿದವ್ರಂಗ ತೂರ್ಯಾಡಾಕತ್ತಾಳ, ನಾಲಿಗಿ ಹೊಳ್ಳವಲ್ದು."

ಮಹಾದೇವಿ ಗೋಡೆಗೆ ಒರಗಿ ಕೂತಿದ್ದಳು. ನನ್ನನ್ನು ಕಂಡು ಎರಡೂ ಕೈ ಮುಂದೆ ಚಾಚಿದಳು, ಗುರುವಾರ ಎಂದುಕೊಂಡಿರಬೇಕು. ಹಾಳೆ ಇಡುವ ಅಗತ್ಯವೇ ಇರಲಿಲ್ಲ. ಪೆನ್ಸಿಲ್ಲು ಕೈಗಿಟ್ಟೆ. "ಬಾಯಾರೇ ಉ" ಎಂದು ಬರೆಯುವಷ್ಟರಲ್ಲಿ ಸಾಲು ಬೆಟ್ಟ ಹತ್ತಿದ ಹಾಗೆ ಹಾಳೆಯ ಮೂಲೆಗೆ ಹೋಯಿತು, ಪೆನ್ಸಿಲ್ಲು ಬಿತ್ತು. ನಮ್ಮ ಡಾಕ್ಟರು ಬಂದು ನೋಡಿ ಮಿದುಳು ಜ್ವರವಿರಬಹುದು, ತಡ ಮಾಡಬೇಡಿ, ಹೈದರಾಬಾದಿಗೆ ಒಯ್ಯಿರಿ ಎಂದರು.

ಹನ್ನೆರಡರ ಬಸ್ಸು. ಶರಣಪ್ಪ ಹುಮನಾಬಾದಿನಲ್ಲಿ ಹತ್ತಿಕೊಳ್ಳುವುದಾಗಿತ್ತು, ಅಲ್ಲಿಯ ತನಕ ನಾನು ಜೊತೆಗೆ ಹೋದೆ. ಹುಡುಗಿಯ ತಲೆ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯಲ್ಲಿ ಕಾಶೀಬಾಯಿ ಸೆರಗಿನ ಗಂಟು ಬಿಚ್ಚಿ ಗುಳಿಗೆ ತೆಗೆದಳು.

"ಮಧ್ಯಾನದ್ದು ಟೈಮ್ ಆತ್ರಿ ಬಾಯಾರ."

ಕೊಡಬೇಡಿ ಎನ್ನಲು ನನಗೆ ತೋಚಲಿಲ್ಲ. ನಾನೇ ಹುಡುಗಿಯ ತಲೆ ಎತ್ತಿ ಹಿಡಿದೆ, ಕಾಶೀಬಾಯಿ ಗುಳಿಗೆ ಇಟ್ಟು ನೀರು ಹನಿಸಿದಳು. ಅವಳು ಬಹಳ ಕಷ್ಟಪಟ್ಟು ನುಂಗಿದಳು. ಹುಮನಾಬಾದ್ ಬಂತು, ಶರಣಪ್ಪ ಹತ್ತಿದ, ನಾನು ಇಳಿದೆ. ಕಿಟಕಿಯಿಂದ ಕಾಶೀಬಾಯಿ, "ನೀವ್ ಫಿಕರ್ ಮಾಡಬ್ಯಾಡ್ರಿ, ಗುಳಗಿ ಎಲ್ಲಾ ಕಟ್ಕೊಂಡೀನಿ," ಎಂದು ನನಗೇ ಧೈರ್ಯ ಹೇಳಿದಳು.

ಶುಕ್ರವಾರ ಪೋಸ್ಟ್‌ಕಾರ್ಡ್ ಬಂತು. ರಕ್ತದಲ್ಲಿ ಗುಳಿಗೆಯ ಅಂಶ ಅಪಾಯದ ಮಟ್ಟ ಮೀರಿದೆ, ತಕ್ಷಣ ನಿಲ್ಲಿಸಿ, ಊಟದಲ್ಲಿ ಉಪ್ಪು ಬಿಟ್ಟಿದ್ದಾರೆಯೇ ವಿಚಾರಿಸಿ. ಒಯ್ದು ಡಾಕ್ಟರ ಮೇಜಿನ ಮೇಲಿಟ್ಟೆ. ನಮ್ಮ ಡಾಕ್ಟರು ಕನ್ನಡಕ ಏರಿಸಿ ಓದಿ ಬಿಡಿಸಿ ಹೇಳಿದರು: ಆ ಗುಳಿಗೆಯೂ ಒಂದು ಬಗೆಯ ಲವಣವೇ, ಊಟದ ಉಪ್ಪು ನಿಂತರೆ ದೇಹ ಅದನ್ನೇ ಹಿಡಿದಿಟ್ಟುಕೊಳ್ಳುತ್ತದೆ, ಹೊರಗೆ ಬಿಡುವುದಿಲ್ಲ. ಬೇರೆ ಮನೆಯಾಗಿದ್ದರೆ ನಾಲ್ಕು ಗುಳಿಗೆ ಮರೆಯುತ್ತಿದ್ದರು, ಎರಡು ಚೆಲ್ಲುತ್ತಿದ್ದರು, ಹುಡುಗಿ ಪಾರಾಗುತ್ತಿದ್ದಳು. ಕಾಶೀಬಾಯಿ ಒಂದನ್ನೂ ತಪ್ಪಿಸಿರಲಿಲ್ಲ.

"ಉಪ್ಪಿನ ಮಾತು ಕಾಗದದಾಗ ಇತ್ತಲ್ಲ. ಮನಿಯವ್ರಿಗಿ ಹೇಳಿದ್ದೆಲ್ಲೋ?" ಎಂದು ಕೇಳಿದರು.

"ಹೇಳಿದ್ದೆ ಸರ್," ಎಂದೆ.

ಯೋಚಿಸಿ ಆಡಿದ ಸುಳ್ಳಲ್ಲ. ಆದರೆ ಒಮ್ಮೆ ಬಾಯಿಂದ ಹೊರಬಿದ್ದ ಮೇಲೆ ಹಿಂದಕ್ಕೆ ತೆಗೆದುಕೊಳ್ಳುವ ಎದೆ ನನಗಿರಲಿಲ್ಲ. ಡಾಕ್ಟರು ಅಂದೇ ಹೈದರಾಬಾದಿಗೆ ಕಾಗದ ಬರೆದರು, ಮನೆಯವರಿಗೆ ಮೊದಲೇ ತಿಳಿಸಲಾಗಿತ್ತು ಎಂದು. ಟಪಾಲಿಗೆ ಹಾಕಿದವಳು ನಾನೇ.

ಜೀವ ಉಳಿಯಿತು. ದೀಪಾವಳಿಗೆ ಮುಂಚೆ ಮನೆಗೆ ಕರೆತಂದರು. ಮಿದುಳಿನಲ್ಲಿ ನಡಿಗೆ, ಮಾತು, ಕೈಯ ಹಿಡಿತ ನೋಡಿಕೊಳ್ಳುವ ಜಾಗಕ್ಕೆ ಪೆಟ್ಟು ಬಿದ್ದಿದೆ, ಅದು ಇನ್ನು ಮೊದಲಿನಂತಾಗದು ಎಂದು ಹೇಳಿ ಕಳಿಸಿದ್ದರು. ಗುಳಿಗೆ ನಿಲ್ಲಿಸಿದ್ದರು. ಶಾಲೆಯ ಮಾತನ್ನು ಯಾರೂ ಎತ್ತಲಿಲ್ಲ, ಲಗ್ನದ ಮಾತನ್ನೂ ಎತ್ತಲಿಲ್ಲ. ನಾನು ಒಂದು ಸಲ ಹೋಗಿ ಬಾಗಿಲಲ್ಲೇ ನಿಂತು ಬಂದೆ. ಸಂಕ್ರಾಂತಿಯ ಹೊತ್ತಿಗೆ ಕಲಬುರಗಿಯಲ್ಲಿ ಬೇರೆ ಕೆಲಸ ಹುಡುಕಿಕೊಂಡು ಊರು ಬಿಟ್ಟೆ. ಓಡಿಹೋದೆ ಎಂದರೆ ಸರಿ.

ಆರೇಳು ವರ್ಷ ಕಳೆದ ಮೇಲೆ, ನನ್ನ ಮದುವೆಯಾಗಿ ಮಗ ಹುಟ್ಟಿದ ಮೇಲೆ, ತಡೆಯಲಾಗಲಿಲ್ಲ. ನೋಟ್‌ಬುಕ್ಕನ್ನು ಚೀಲದಲ್ಲಿಟ್ಟುಕೊಂಡು ಬಸವಕಲ್ಯಾಣಕ್ಕೆ ಹೊರಟೆ. ಕಾಗದ ತೋರಿಸುತ್ತೇನೆ, ಹುಡುಗಿಯ ಮೂರು ಸಾಲು ಓದಿ ಹೇಳುತ್ತೇನೆ, ಉಗುಳಿದರೆ ಉಗುಳಲಿ ಎಂದು ಗಟ್ಟಿ ಮಾಡಿಕೊಂಡಿದ್ದೆ.

ಮಹಾದೇವಿ ಪಡಸಾಲೆಯಲ್ಲಿ ಕೂತಿದ್ದಳು. ದಪ್ಪಗಾಗಿದ್ದಳು, ಕೂದಲು ಕತ್ತರಿಸಿದ್ದರು. ನನ್ನ ಮುಖ ನೋಡಿದವಳೇ ಎರಡೂ ಕೈ ಮುಂದೆ ಚಾಚಿದಳು. ಬೆರಳುಗಳು ಒಂದೊಂದು ಒಂದೊಂದು ಕಡೆ ಅದುರುತ್ತಿದ್ದವು. ಏನೋ ಹೇಳಿದಳು, ನನಗೆ ತಿಳಿಯಲಿಲ್ಲ. "ಬುಕ್ಕ್ ಎಲ್ಲದ ಅಂತ ಕೇಳಾಕತ್ತಾಳ್ರಿ," ಎಂದು ಕಾಶೀಬಾಯಿ ಬಿಡಿಸಿ ಹೇಳಿದಳು. ನಾನು ಚೀಲವನ್ನು ಬೆನ್ನ ಹಿಂದೆ ಸರಿಸಿದೆ.

ಕಾಶೀಬಾಯಿ ನಮ್ಮಿಬ್ಬರನ್ನೂ ಊಟಕ್ಕೆಂದು ಅಡುಗೆಮನೆಗೆ ಎಬ್ಬಿಸಿಕೊಂಡು ಹೋದಳು. ಶರಣಪ್ಪ ಗಂಜಿಗೆ ಹೋಗಿದ್ದ. ಕಾಶೀಬಾಯಿ ನನಗೂ ಮಗಳಿಗೂ ಒಂದು ಪಾತ್ರೆಯಿಂದ ಬಡಿಸಿ, ತನಗೆ ಮೂಲೆಯ ಸಣ್ಣ ಪಾತ್ರೆಯಿಂದ ಹಾಕಿಕೊಂಡಳು. ಮಗಳಿಗೆ ಕೈಯಾರೆ ತುತ್ತು ತಿನ್ನಿಸಿದಳು, ಗಲ್ಲ ಒರೆಸಿದಳು. ನನ್ನ ಬೇಳೆ ಮುಗಿದಿತ್ತು. ಆಕೆಗೆ ಏಳುವ ತೊಂದರೆ ಬೇಡವೆಂದು ನಾನೇ ಆ ಸಣ್ಣ ಪಾತ್ರೆಯಿಂದ ಹಾಕಿಕೊಂಡೆ. ಉಪ್ಪಿರಲಿಲ್ಲ.

"ಅಯ್ಯ, ಅದು ನಂದ್ರಿ! ಸಪ್ಪಂದದ. ಬಿಡ್ರಿ, ಬ್ಯಾರೆ ಹಾಕ್ತೀನಿ," ಎಂದು ತಡಬಡಿಸಿದಳು.

"ಇನ್ನೂ ವ್ರತಾ ಹಿಡದೀರೇನ್ರಿ?"

"ಎಂಥ ವ್ರತಾ ತಗೀರಿ. ಆ ಶ್ರಾವಣದಾಗ ಬಿಟ್ಟಿದ್ದು, ಮತ್ತ ಬಾಯಿಗಿ ಹಚ್ಚಿಲ್ಲ. ಪೋರಿ ಬಾಯಾಗಿಂದು ಕಸದೀನಿ, ನಾ ಹ್ಯಾಂಗ ತಿನ್ಲಿ?" ಮಗಳ ಬಾಯಿಗೆ ಇನ್ನೊಂದು ತುತ್ತಿಟ್ಟು ಮುಂದುವರಿಸಿದಳು. "ಹೈದ್ರಾಬಾದದಾಗ ದೊಡ್ಡ ಡಾಕ್ಟರು ಭಾಳ ಬೈದ್ರು. ನಿಮ್ಮ ಊರಾಗ ಮೊದ್ಲೇ ಹೇಳ್ಯಾರಲ್ಲ, ಯಾಕ ಬಿಡಸ್ದಿ ಅಂದ್ರು. ನೀವ್ ಹೇಳಿದ್ದೆಲ್ಲಾ ನನಗ ಇವತ್ತಿಗೂ ಬಾಯಿಪಾಠ ಅದ್ರಿ ಬಾಯಾರ." ಬೆರಳು ಮಡಿಚತೊಡಗಿದಳು. "ಗುಳಗಿ ಮೂರ್ ಹೊತ್ತು. ನೀರ್ ಕೇಳಿದಷ್ಟು. ನಿದ್ದಿ ಕಡಿಮಿ ಆದ್ರ ಹೇಳಬೇಕು. ಕೈ ನಡಗಿದ್ರ ಹೇಳಬೇಕು." ನಾಲ್ಕು ಬೆರಳು ಮಡಿಚಿ ಐದನೆಯದನ್ನು ಹಿಡಿದುಕೊಂಡೇ ಕೂತಳು. "ಇದೊಂದೇ ನೆನಪಿಗಿ ಬರವಲ್ದು. ಏಸೋ ಸಲ ಕುಂತು ವಿಚಾರ ಮಾಡೀನಿ. ನಾ ಹೆತ್ತಾಕಿ, ನಾನೇ ಹ್ಯಾಂಗ ಮರ್ತೆ ಅಂತ." ಮುಖ ಎತ್ತಿ ನನ್ನನ್ನು ನೋಡಿದಳು. "ಉಪ್ಪಿಂದೂ ಹೇಳಿದ್ರಲ್ರಿ ಬಾಯಾರ?"

ಚೀಲ ನನ್ನ ಮಗ್ಗುಲಲ್ಲೇ ಇತ್ತು. ಮಹಾದೇವಿ ನಮ್ಮಿಬ್ಬರ ಬಾಯಿಯನ್ನು ನೋಡುತ್ತಿದ್ದಳು. ಅವಳಾದರೂ ಹೇಳಿಯಾಳೇ ಎಂದು ಒಂದು ಕ್ಷಣ ಹೆದರಿದೆ. ಅವಳ ನಾಲಗೆ ಹೊರಳುವುದಿಲ್ಲ ಎಂಬುದು ನೆನಪಾಗಿ ಧೈರ್ಯ ಬಂತು. ಹೌದು, ಧೈರ್ಯವೇ ಬಂತು, ಸುಳ್ಳು ಯಾಕೆ ಬರೆಯಲಿ.

"ಹೇಳಿದ್ದೆ, ಕಾಶೀಬಾಯಿ," ಎಂದೆ.

ಆಕೆ ತಲೆಯಾಡಿಸಿ ಐದನೆಯ ಬೆರಳನ್ನೂ ಮಡಿಚಿದಳು. ಆಮೇಲೆ ನನ್ನ ತಟ್ಟೆಯ ಸಪ್ಪನ ಬೇಳೆಯನ್ನು ತನ್ನ ತಟ್ಟೆಗೆ ಬಗ್ಗಿಸಿಕೊಂಡು, ನನಗೆ ಉಪ್ಪಿದ್ದದ್ದನ್ನು ಬಡಿಸಿದಳು.